ಗದ್ದೆಯಂಚಿಗೆ ಗೂಬೆ ಪೆಟ್ಟಿಗೆ: ಕೊಡಗಿನ ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ಬೇಟೆ ಹಕ್ಕಿಗೆ ಗೂಡುಪೆಟ್ಟಿಗೆ ಎಂದ ಕೂಡಲೇ ಹಲವರಿಗೆ ನೆನಪಾಗುವುದು ಹೆದ್ದಾರಿ ಬದಿಯ ಕಂಬಗಳು. ಕೆಸ್ಟ್ರೆಲ್ ಎಂಬ ಸಣ್ಣ ಸಾಳುವಕ್ಕಾಗಿ ಹುಟ್ಟಿಕೊಂಡ ಪದ್ಧತಿ ಅದು. ಅಮೆರಿಕದ ಅಯೋವ ರಾಜ್ಯದಲ್ಲಿ 1983ರಲ್ಲಿ ಹೆದ್ದಾರಿ ಫಲಕಗಳ ಬೆನ್ನಿಗೆ ಪೆಟ್ಟಿಗೆ ಹಾಕುವ ಕೆಲಸ ಶುರುವಾಯಿತು. ಕೆಸ್ಟ್ರೆಲ್ ಹಗಲು ಬೇಟೆಯಾಡುವ ಹಕ್ಕಿ. ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತ ನೆಲ ನೋಡಿ, ನೇರ ಕೆಳಗಿಳಿಯುತ್ತದೆ. ರಸ್ತೆಯಂಚಿನ ಬಯಲು ಹುಲ್ಲು ಅದಕ್ಕೆ ಒಗ್ಗುತ್ತದೆ.

ಆ ಮಾದರಿಯನ್ನು ಹಾಗೇ ಕೊಡಗಿಗೆ ತಂದರೆ ಪೆಟ್ಟಿಗೆ ಖಾಲಿ ಉಳಿಯುತ್ತದೆ. ಚಳಿಗಾಲದಲ್ಲಿ ತಡಿಯಂಡಮೋಳ್, ಮಾಂದಲಪಟ್ಟಿ ಕಡೆಯ ಹುಲ್ಲುಬೆಟ್ಟಗಳ ಮೇಲೆ ಕಾಣುವ ವಲಸೆ ಕೆಸ್ಟ್ರೆಲ್‌ಗಳು ಇಲ್ಲಿ ಮೊಟ್ಟೆ ಇಡುವುದಿಲ್ಲ. ಪಶ್ಚಿಮ ಘಟ್ಟದಲ್ಲೇ ನೆಲೆಸಿದವು ಗೂಡಿಗೆ ಬಂಡೆಯ ಸಂದು ಹುಡುಕುತ್ತವೆ. ಇಲ್ಲಿ ಪೆಟ್ಟಿಗೆಯನ್ನು ಒಪ್ಪಿಕೊಳ್ಳುವ, ರೈತನಿಗೂ ಬೇಕಾದ ಬೇಟೆ ಹಕ್ಕಿ ಎಂದರೆ ಕಣಜ ಗೂಬೆ. ಹೃದಯದಾಕಾರದ ಬಿಳಿ ಮುಖ, ಕಪ್ಪು ಕಣ್ಣು, ಇಲಿಯೇ ಮುಖ್ಯ ಆಹಾರ. ಹಳೆಯ ಮನೆಗಳ ಅಟ್ಟ, ಪೊಟರೆಯಿದ್ದ ಮುದಿ ಮರ ಎರಡೂ ಕಡಿಮೆಯಾಗುತ್ತಿರುವಾಗ ಅದಕ್ಕೆ ಕೊರತೆಯಾಗಿರುವುದು ಮನೆ. ಆ ಮನೆಯನ್ನು ಹೇಗೆ ಮಾಡುವುದು, ಎಲ್ಲಿ ನಿಲ್ಲಿಸುವುದು, ಆಮೇಲೆ ಹೇಗೆ ನೋಡಿಕೊಳ್ಳುವುದು ಎಂಬುದನ್ನು ಇಲ್ಲಿ ವಿವರವಾಗಿ ಕೊಟ್ಟಿದೆ.

ಮೊದಲು ಜಾಗ, ಆಮೇಲೆ ಮರದ ಕೆಲಸ

ಹೆಚ್ಚಿನ ತಂಡಗಳು ಪೆಟ್ಟಿಗೆ ಮಾಡಿಸಿ ತಂದು ಆಮೇಲೆ ಜಾಗ ಹುಡುಕುತ್ತವೆ. ಇದು ತಿರುಗುಮುರುಗು. ಜಾಗ ತಪ್ಪಿದರೆ ಎಷ್ಟು ಚೆನ್ನಾಗಿ ಮಾಡಿದ ಪೆಟ್ಟಿಗೆಯೂ ಹಕ್ಕಿಗೆ ಬಲೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಕಣಜ ಗೂಬೆಯ ಪೆಟ್ಟಿಗೆ ರಸ್ತೆ ಬದಿಗೆ ಬೇಡ. ಈ ಹಕ್ಕಿ ರಾತ್ರಿ ನೆಲದಿಂದ ಎರಡು ಮೂರು ಮೀಟರ್ ಎತ್ತರದಲ್ಲಿ, ಸದ್ದಿಲ್ಲದೆ, ಇಲಿಯ ಸರಸರ ಶಬ್ದ ಆಲಿಸುತ್ತ ಹಾರುತ್ತದೆ. ಕಾರು, ಲಾರಿಗಳು ಬರುವುದೂ ಅದೇ ಎತ್ತರದಲ್ಲಿ. ಹೆಡ್‌ಲೈಟಿಗೆ ಕಣ್ಣು ಕುಕ್ಕಿದ ಗೂಬೆ ಪಕ್ಕಕ್ಕೆ ಸರಿಯುವುದಿಲ್ಲ. ದೊಡ್ಡ ಹೆದ್ದಾರಿಯಿಂದ 1 ಕಿ.ಮೀ. ಒಳಗೆ ಪೆಟ್ಟಿಗೆ ಹಾಕಬೇಡಿ ಎಂದು ಬ್ರಿಟನ್ನಿನ ಗೂಬೆ ಸಂರಕ್ಷಕರು ಹೇಳುತ್ತಾರೆ. ಕುಶಾಲನಗರ–ಮಡಿಕೇರಿ–ಸಂಪಾಜೆ ಹೆದ್ದಾರಿಗೆ ನಾವೂ ಅದೇ ಲೆಕ್ಕ ಹಿಡಿಯಬೇಕು. ಊರೊಳಗಿನ ಪಂಚಾಯಿತಿ ರಸ್ತೆಯಲ್ಲಿ ರಾತ್ರಿ ಓಡಾಟ ಕಡಿಮೆ, ಅಲ್ಲಿ ಕನಿಷ್ಠ 300 ಮೀಟರ್ ಸಾಕು. ರಸ್ತೆಯ ಎರಡೂ ಬದಿ ಎತ್ತರದ ಮರಗಳಿದ್ದರೆ ಹಕ್ಕಿ ಮೇಲೇರಿ ದಾಟುತ್ತದೆ, ಅಪಾಯ ತಗ್ಗುತ್ತದೆ. ಬಯಲು ಗದ್ದೆಯನ್ನು ಸೀಳಿಕೊಂಡು ಹೋಗುವ ರಸ್ತೆಯೇ ತೀರಾ ಕೆಟ್ಟದ್ದು.

ಒಳ್ಳೆಯ ಜಾಗಕ್ಕೆ ಲಕ್ಷಣಗಳಿವೆ. ಒಂದು ಕಡೆ ಗದ್ದೆಬಯಲು, ಇನ್ನೊಂದು ಕಡೆ ತೋಟದಂಚು. ಪೆಟ್ಟಿಗೆಯ ಮುಂದೆ 20 ಮೀಟರ್‌ನಷ್ಟಾದರೂ ತೆರೆದ ಹಾರುದಾರಿ. ಕಾಫಿ ತೋಟದ ದಟ್ಟ ನೆರಳಿನ ನಡುವೆ ಹಾಕಿದರೆ ಗೂಬೆಗೆ ಪೆಟ್ಟಿಗೆಯ ಬಾಯಿ, ಅಂದರೆ ಒಳಹೋಗುವ ಕಿಂಡಿ, ಕಾಣುವುದಿಲ್ಲ, ಬಂದರೂ ಮರಿಗಳಿಗೆ ಹಾರುವ ಅಭ್ಯಾಸಕ್ಕೆ ಜಾಗ ಇರುವುದಿಲ್ಲ. ವಿದ್ಯುತ್ ತಂತಿ, ಟ್ರಾನ್ಸ್‌ಫಾರ್ಮರ್‌ನಿಂದ 30 ಮೀಟರ್ ದೂರ ಇರಲಿ. ಆನೆ ದಾರಿ ಎಲ್ಲಿ ಎಂದು ತೋಟದ ಉಸ್ತುವಾರಿ ನೋಡುವ ರೈಟರ್‌ರನ್ನೋ ಅಲ್ಲೇ ಲೈನ್‌ಮನೆಯಲ್ಲಿರುವ ಕಾರ್ಮಿಕರನ್ನೋ ಕೇಳಿ ತಿಳಿದುಕೊಳ್ಳಿ. ಆನೆ ನಡೆಯುವ ದಾರಿಯಲ್ಲಿ ನೆಟ್ಟ ಕಂಬ ಒಂದು ಮಳೆಗಾಲವೂ ನಿಲ್ಲದು.

ಸಂಖ್ಯೆ ವಿಷಯದಲ್ಲಿ ಆಸೆ ಬೇಡ. ಮಲೇಷ್ಯಾದ ತಾಳೆ ತೋಟಗಳಲ್ಲಿ ಇಲಿ ಹತೋಟಿಗೆಂದು ಸುಮಾರು 5ರಿಂದ 10 ಹೆಕ್ಟೇರಿಗೆ ಒಂದು ಪೆಟ್ಟಿಗೆ ಇಡುತ್ತಾರೆ. ನಮ್ಮ ಲೆಕ್ಕದಲ್ಲಿ 12ರಿಂದ 25 ಎಕರೆಗೆ ಒಂದು. ಒಂದು ಗದ್ದೆಬಯಲಿಗೆ ಎರಡರಿಂದ ಶುರು ಮಾಡಿ. ಒಂದರಲ್ಲಿ ಹೆಣ್ಣು ಕಾವು ಕೂತಾಗ ಗಂಡು ಹಗಲು ಕಳೆಯಲು ಇನ್ನೊಂದಕ್ಕೆ ಹೋಗಬಹುದು.

ಒಪ್ಪಿಗೆ ಯಾರದು?

ಜಾಗದ ಯಜಮಾನರ ಒಪ್ಪಿಗೆ ಬಾಯಿಮಾತಲ್ಲಿ ನಿಲ್ಲಬಾರದು, ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಜಮ್ಮಾ ಬಾಣೆ (ವಂಶಪಾರಂಪರ್ಯ ಹಕ್ಕಿನ ಜಮೀನು) ಅಥವಾ ಒಕ್ಕದ (ಮನೆತನದ) ಹೆಸರಲ್ಲಿರುವ ಗದ್ದೆಯಾದರೆ ಪಹಣಿಯಲ್ಲಿ ಹಲವರ ಹೆಸರಿರುತ್ತದೆ. ಉಳುವವರೊಬ್ಬರು ಒಪ್ಪಿದರೆಂದು ಕಂಬ ನೆಟ್ಟು, ಹುತ್ತರಿ ಹಬ್ಬಕ್ಕೆ ಐನ್‌ಮನೆಗೆ (ಒಕ್ಕದ ಮೂಲಮನೆಗೆ) ಬಂದ ಇನ್ನೊಬ್ಬರು ತೆಗೆಸಿದರೆ ನಷ್ಟ ಹಕ್ಕಿಗೆ. ಒಕ್ಕದ ಹಿರಿಯರಾದ ಪಟ್ಟೇದಾರರನ್ನು ಮೊದಲೇ ಕಂಡು ಮಾತಾಡಿ. ರಸ್ತೆ ಬದಿಯ ಸಾಲುಮರ, ಲೋಕೋಪಯೋಗಿ ಇಲಾಖೆಯ ಫಲಕ, ವಿದ್ಯುತ್ ಕಂಬ ಇವುಗಳಿಗೆ ಏನನ್ನೂ ಕಟ್ಟಬೇಡಿ. ದೇವರಕಾಡಿಗೂ ಬೇಡ. ಅಲ್ಲಿ ಮುದಿ ಮರಗಳ ಪೊಟರೆ ಹಾಗೇ ಉಳಿದಿದೆ, ನಮ್ಮ ಹಲಗೆಯ ಅಗತ್ಯವಿಲ್ಲ. ವಲಯ ಅರಣ್ಯಾಧಿಕಾರಿಗೆ ಒಂದು ಪತ್ರ ಕೊಟ್ಟಿರಿ. ಮುಂದೆ ಗಾಯಗೊಂಡ ಹಕ್ಕಿ ಸಿಕ್ಕರೆ ಆ ಪರಿಚಯ ಕೆಲಸಕ್ಕೆ ಬರುತ್ತದೆ.

ಗೂಬೆ ಕೂಗಿದರೆ ಕೇಡು ಎಂಬ ನಂಬಿಕೆ ಇನ್ನೂ ಇದೆ. ಅದನ್ನು ಹಾಸ್ಯ ಮಾಡಿದರೆ ಕೆಲಸ ಕೆಡುತ್ತದೆ. ಈ ಗೂಬೆ "ಗೂ" ಎನ್ನುವುದಿಲ್ಲ, ಕರ್ಕಶವಾಗಿ ಕಿರುಚುತ್ತದೆ. ಮರಿಗಳು ಹಸಿದಾಗ ಹಾವು ಬುಸುಗುಟ್ಟಿದಂತೆ ರಾತ್ರಿಯಿಡೀ ಸದ್ದು ಮಾಡುತ್ತವೆ. ಹತ್ತಿರದ ಮನೆಯವರಿಗೆ ಇದನ್ನು ಮೊದಲೇ ಹೇಳಿರಿ. ಹೇಳದೆ ಬಿಟ್ಟರೆ ಹಾವೆಂದುಕೊಂಡು ಯಾರೋ ಕೋಲು ಹಿಡಿದು ಬರುತ್ತಾರೆ. ಪೆಟ್ಟಿಗೆ ವಾಸದ ಮನೆಯಿಂದ 100 ಮೀಟರ್ ಆಚೆ ಇದ್ದರೆ ಇಬ್ಬರಿಗೂ ನೆಮ್ಮದಿ.

ಸಾಮಾನು ಮತ್ತು ಅಳತೆ

ಮಡಿಕೇರಿ ಸುತ್ತ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ. ಪೀಠೋಪಕರಣಕ್ಕೆ ಬಳಸುವ ಸಾದಾ ಪ್ಲೈವುಡ್ ಮೊದಲ ಆಟಿ ಮಳೆಯಲ್ಲೇ ಪದರ ಬಿಡುತ್ತದೆ. ಐಎಸ್ 710 ಮುದ್ರೆಯ ಮೆರೈನ್ ಪ್ಲೈ, 12 ಮಿ.ಮೀ. ದಪ್ಪದ್ದೇ ಆಗಬೇಕು. 8×4 ಅಡಿಯ ಒಂದು ಹಾಳೆಯಲ್ಲಿ ಒಂದು ಪೆಟ್ಟಿಗೆ ಆಗುತ್ತದೆ. ಆಚಾರಿಗೆ ಅಳತೆಯನ್ನು ಸೆಂಟಿಮೀಟರಿನಲ್ಲೇ ಬರೆದುಕೊಡಿ. ಇಂಚಿಗೆ ತಿರುಗಿಸುವಾಗ ಆಗುವ ಅರ್ಧ ಇಂಚಿನ ತಪ್ಪಿಗೆ ಮೂಲೆ ಕೂಡುವುದಿಲ್ಲ.

- ಮುಂಭಾಗ: 62.4 × 70
- ಹಿಂಭಾಗ: 62.4 × 78
- ಪಕ್ಕದ ಹಲಗೆ ಎರಡು: ಅಗಲ 40, ಮುಂದಿನ ಅಂಚು 70, ಹಿಂದಿನ ಅಂಚು 78
- ತಳ: 60 × 40
- ಮಾಡು (ಛಾವಣಿ): 78 × 61
- ಜಗಲಿ (ಬಾಯಿಯ ಕೆಳಗೆ ಹೊರಚಾಚುವ ಹಲಗೆ): 62 × 25

ಹಾಳೆಯ ಉದ್ದಕ್ಕೆ ಮೊದಲು ಹಿಂಭಾಗ, ಅದರ ಕೆಳಗೆ ಜಗಲಿ. ಪಕ್ಕದಲ್ಲಿ ಮಾಡು ನಿಲ್ಲಿಸಿ ಅದರ ಕೆಳಗೆ ತಳ. ಉಳಿದ ಜಾಗದಲ್ಲಿ ಮುಂಭಾಗ ಮತ್ತು ಒಂದು ಪಕ್ಕ, ಅವೆರಡರ ಕೆಳಗೆ ಇನ್ನೊಂದು ಪಕ್ಕ ಅಡ್ಡಲಾಗಿ. ಮೊದಲು ಪೆನ್ಸಿಲ್‌ನಲ್ಲಿ ಗೆರೆ ಎಳೆದು ನೋಡಿ, ಆಮೇಲೆ ಗರಗಸ.

ಇದರ ಜೊತೆಗೆ 25×25 ಮಿ.ಮೀ. ರೀಪರ್ (ಮರದ ಪಟ್ಟಿ) 6 ಮೀಟರ್, 30 ಮಿ.ಮೀ. ಸ್ಟೇನ್‌ಲೆಸ್ ಸ್ಕ್ರೂ ಸುಮಾರು 80, ನೀರಿಗೆ ಬಿಡದ ಅಂಟು, ಎರಡು ಹಿತ್ತಾಳೆ ಕೀಲು, ಒಂದು ಚಿಲಕ, ಮಾಡಿಗೆ 84×67 ಸೆಂ.ಮೀ. ತಗಡು ಬೇಕು. ಸ್ಕ್ರೂ ಉದ್ದದ ಮೇಲೆ ಗಮನವಿರಲಿ. 12 ಮಿ.ಮೀ. ಪ್ಲೈ ಮತ್ತು 25 ಮಿ.ಮೀ. ರೀಪರ್ ಸೇರಿ 37. ಅಂಗಡಿಯಲ್ಲಿ ಕೇಳದೆಯೇ ಕೊಡುವ ಒಂದೂವರೆ ಇಂಚಿನ ಸ್ಕ್ರೂ 38. ಆ ಒಂದು ಮಿಲಿಮೀಟರ್ ಮೊನೆ ಒಳಗೆ ಇಣುಕುತ್ತದೆ. ಬೆರಳಾಡಿಸಿದರೆ ಮುಳ್ಳಿನಂತೆ ಚುಚ್ಚುತ್ತದೆ. ಆರು ಮರಿಗಳು ಒಂದನ್ನೊಂದು ತಳ್ಳಾಡುವ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿಲ್ಲ.

ಜೋಡಣೆ

ಪ್ಲೈನ ಅಂಚಿಗೆ ನೇರ ಸ್ಕ್ರೂ ಹೊಡೆದರೆ ಪದರ ಸೀಳುತ್ತದೆ. ಆದ್ದರಿಂದ ನಾಲ್ಕು ಮೂಲೆಗಳ ಒಳಗೆ ರೀಪರ್ ನಿಲ್ಲಿಸಿ, ಹಲಗೆಯನ್ನು ಅದಕ್ಕೆ ಬಿಗಿಯಬೇಕು. ಪಕ್ಕದ ಹಲಗೆಗಳು ಮುಂಭಾಗ, ಹಿಂಭಾಗಗಳ ನಡುವೆ ಕೂರುತ್ತವೆ. ಕೆಳಗಿನ ಅಂಚಿನಿಂದ 1 ಸೆಂ.ಮೀ. ಮೇಲೆ ಅಡ್ಡ ರೀಪರ್ ಕೊಟ್ಟು ಅದರ ಮೇಲೆ ತಳ ಕೂರಿಸಿ, ಮೂಲೆ ರೀಪರ್ ತಳದ ಮೇಲಿಂದ ಶುರುವಾಗಲಿ. ಗೋಡೆ ತಳಕ್ಕಿಂತ ಕೆಳಗೆ ಇಳಿದಿರುವುದರಿಂದ ಹೊರಗೆ ಹರಿದ ನೀರು ಅಂಚಿನಿಂದಲೇ ತೊಟ್ಟಿಕ್ಕುತ್ತದೆ, ತಳಕ್ಕೆ ಮುಟ್ಟುವುದಿಲ್ಲ. ತಳಕ್ಕೆ 10 ಮಿ.ಮೀ.ನ ಆರು ತೂತು ಹಾಕಿ.

ಬಾಯಿ 15×15 ಸೆಂ.ಮೀ. ಮುಂಭಾಗದ ಕೆಳಗಿನ ಅಂಚಿನಿಂದ 50 ಸೆಂ.ಮೀ. ಮೇಲೆ, ಒಂದು ಮೂಲೆಗೆ ಒತ್ತಿ ಕೊರೆಯಬೇಕು. ಆಗ ಒಳಗಿನ ತಳದಿಂದ ಬಾಯಿಗೆ 45 ಸೆಂ.ಮೀ. ಆಳ ಸಿಗುತ್ತದೆ. ಎಲ್ಲ ಅಳತೆಗಳಲ್ಲಿ ಇದೊಂದನ್ನು ಮಾತ್ರ ಕಡಿಮೆ ಮಾಡಲೇಬೇಡಿ. ಬಾಯಿ ತಗ್ಗಿನಲ್ಲಿದ್ದರೆ ಇನ್ನೂ ಹಾರಲಾಗದ ಮರಿ, ಅಮ್ಮ ಇಲಿ ತಂದಾಗ ಮುನ್ನುಗ್ಗಿ ಹೊರಗೆ ಬೀಳುತ್ತದೆ. ಗೂಬೆ ನೆಲದಲ್ಲಿರುವ ಮರಿಗೆ ಉಣಿಸುವುದು ಅಪರೂಪ, ಬಿದ್ದ ಮರಿ ಸತ್ತಂತೆಯೇ. ಬಾಯಿಯ ಒಳಬದಿಗೆ ಕೆಳಗಿನವರೆಗೆ ಮೂರು ನಾಲ್ಕು ತೆಳು ಪಟ್ಟಿ ಮೆಟ್ಟಿಲಿನಂತೆ ಅಂಟಿಸಿ. ನುಣುಪು ಪ್ಲೈ ಹತ್ತಲು ಮರಿಯ ಉಗುರಿಗೆ ಆಗದು.

ಬಾಯಿಯ ಕೆಳಗೆ, ಹೊರಗಡೆ, ಜಗಲಿ. ತುಂಡು ಪ್ಲೈಯಿಂದ ತ್ರಿಕೋನದ ಎರಡು ಆಧಾರ ಕೊಟ್ಟು, ಅಂಚಿಗೆ 4 ಸೆಂ.ಮೀ. ಎತ್ತರದ ತಡೆ ಕಟ್ಟಿ. ಏಳು ವಾರ ದಾಟಿದ ಮರಿಗಳು ಸಂಜೆ ಇಲ್ಲಿ ಸಾಲಾಗಿ ನಿಂತು ರೆಕ್ಕೆ ಬಡಿಯುತ್ತವೆ. ಒಂದು ಪಕ್ಕದ ಹಲಗೆಗೆ, ತಳದಿಂದ 8 ಸೆಂ.ಮೀ. ಬಿಟ್ಟು, 30×25 ಸೆಂ.ಮೀ. ಬಾಗಿಲು ಕೊರೆದು ಕೀಲು ಹಾಕಿ. ಇದು ಸ್ವಚ್ಛ ಮಾಡಲಿಕ್ಕೆ, ಇಣುಕಿ ನೋಡಲಿಕ್ಕಲ್ಲ. ಗಾಳಿಗೆ ಎರಡೂ ಪಕ್ಕ ಮಾಡಿನ ಕೆಳಗೆ 20 ಮಿ.ಮೀ.ನ ಎರಡೆರಡು ತೂತು.

ಮಾಡು ಮುಂದೆ 15 ಸೆಂ.ಮೀ., ಪಕ್ಕಕ್ಕೆ 8 ಸೆಂ.ಮೀ.ನಷ್ಟು ಚಾಚಿರಲಿ. ಪ್ಲೈ ಮೇಲೆ 1 ಸೆಂ.ಮೀ. ಪಟ್ಟಿ ಇಟ್ಟು ಅದರ ಮೇಲೆ ತಗಡು ಹೊಡೆಯಿರಿ. ನಡುವಿನ ಗಾಳಿ ಮಾರ್ಚ್ ಬಿಸಿಲಿನ ಕಾವನ್ನೂ ಜುಲೈ ಮಳೆಯ ಸದ್ದನ್ನೂ ತಡೆಯುತ್ತದೆ. ಹೊರಗೆ ಮಾತ್ರ ಬೂದು ಅಥವಾ ಮಣ್ಣು ಬಣ್ಣದ ಎನಾಮೆಲ್ ಎರಡು ಸಲ ಬಳಿದು, ಹತ್ತು ದಿನ ಗಾಳಿಗೆ ಬಿಡಿ. ಒಳಗೆ ಏನೂ ಬೇಡ. ಗೆದ್ದಲು ಬಾರದಿರಲಿ ಎಂದು ಸುಟ್ಟ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ತೋಟಗಳಲ್ಲಿದೆ. ಅದು ಗರಿಗೆ ಅಂಟಿ ಮರಿಯನ್ನು ಕೊಲ್ಲುತ್ತದೆ.

ಗೂಬೆ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಬರಿ ಹಲಗೆಯ ಮೇಲೆ ಮೊಟ್ಟೆ ಉರುಳುತ್ತದೆ, ಆದ್ದರಿಂದ 4–5 ಸೆಂ.ಮೀ. ದಪ್ಪಕ್ಕೆ ಒಣಗಿದ ಹತ್ತರಿ ಸಿಪ್ಪೆ (ಮರ ಹೆರೆದಾಗ ಬರುವ ಸುರುಳಿ) ಹಾಸಿ. ಭತ್ತದ ಹುಲ್ಲು ಬೇಡ, ಕೊಡಗಿನ ಹಸಿಗೆ ಬೂಷ್ಟು ಹಿಡಿಯುತ್ತದೆ.

ನಿಲ್ಲಿಸುವುದು

ಸರಿಯಾದ ಕಾಲ ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದಿಂದ ನವೆಂಬರ್–ಡಿಸೆಂಬರ್‌ನ ಹುತ್ತರಿಯವರೆಗೆ. ಮಳೆ ಬಿಟ್ಟಿರುತ್ತದೆ, ಗದ್ದೆಯಲ್ಲಿ ತೆನೆ ಇರುತ್ತದೆ, ಇಲಿಯೂ ಇರುತ್ತದೆ. ಕಾಫಿ ಕೊಯ್ಲು ಶುರುವಾದ ಮೇಲೆ ಯಾರ ಕೈಯೂ ಬಿಡುವಿರುವುದಿಲ್ಲ.

ತೋಟದ ಗೋದಾಮು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪ್‌ಹೌಸ್ ಗದ್ದೆಗೆ ಮುಖ ಮಾಡಿದ್ದರೆ ಅದರ ಗೋಡೆಗೆ ಮಾಡಿನಡಿ ಬಿಗಿಯುವುದು ಎಲ್ಲಕ್ಕಿಂತ ಒಳ್ಳೆಯದು. ಮಳೆ ತಟ್ಟದು, ಪೆಟ್ಟಿಗೆ ಬಾಳಿಕೆ ಬರುತ್ತದೆ. ಅದಿಲ್ಲವಾದರೆ ಕಂಬ. 3 ಇಂಚಿನ ಜಿಐ ಪೈಪು, 6 ಮೀಟರ್ ಉದ್ದ. 60×60 ಸೆಂ.ಮೀ. ಅಗಲ, 1.2 ಮೀಟರ್ ಆಳದ ಗುಂಡಿ. 1:2:4 ಕಾಂಕ್ರೀಟಿಗೆ ಮೂರು ಚೀಲ ಸಿಮೆಂಟ್ ಹಿಡಿಯುತ್ತದೆ. ಗುಂಡಿ ಗದ್ದೆಯ ಏರಿಯ ಮೇಲೆ ಬೇಡ. ಜೂನ್ ನೀರಿಗೆ ಏರಿ ಮೆತ್ತಗಾಗಿ ಕಂಬ ವಾಲುತ್ತದೆ. ತೋಟದ ಕಡೆಯ ಗಟ್ಟಿ ದಿಣ್ಣೆಯಲ್ಲಿ ತೋಡಿ. ಏಳು ದಿನ ನೀರು ಹನಿಸಿ ಕಾಂಕ್ರೀಟ್ ಗಟ್ಟಿಯಾದ ಮೇಲಷ್ಟೇ ಪೆಟ್ಟಿಗೆ ಏರಿಸಬೇಕು.

ಪೈಪಿನ ತುದಿಗೆ 40 ಮಿ.ಮೀ. ಆಂಗಲ್‌ನಿಂದ 63×43 ಸೆಂ.ಮೀ. ಒಳ ಅಳತೆಯ ಚೌಕಟ್ಟು ವೆಲ್ಡ್ ಮಾಡಿಸಿರಿ. ಪೆಟ್ಟಿಗೆ ಅದರೊಳಗೆ ತಟ್ಟೆಯಲ್ಲಿಟ್ಟಂತೆ ಕೂರುತ್ತದೆ, 8 ಮಿ.ಮೀ.ನ ನಾಲ್ಕು ಬೋಲ್ಟ್ ಸಾಕು. ತಗಡು ಸೇರಿ ಪೆಟ್ಟಿಗೆ ಸುಮಾರು 25 ಕಿಲೋ ತೂಗುತ್ತದೆ. ಹೊತ್ತುಕೊಂಡು ಏಣಿ ಹತ್ತಬಾರದು. ಹಗ್ಗ, ರಾಟೆಯಿಂದ ಇಬ್ಬರು ಎಳೆಯಲಿ, ಮೇಲಿರುವ ಒಬ್ಬರು ಸೊಂಟಕ್ಕೆ ಬೆಲ್ಟ್ ಕಟ್ಟಿ ಕೂರಿಸಲಿ, ನಾಲ್ಕನೆಯವರು ಏಣಿ ಬಿಟ್ಟು ಕದಲದಿರಲಿ. ಮೆಣಸು ಕೊಯ್ಲಿನಲ್ಲಿ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಎಷ್ಟು ಜೀವ ಹೋಗಿದೆ ಎಂಬುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. ಏಣಿಯನ್ನು ನಿಲ್ಲಿಸಿಕೊಂಡು ಹೊತ್ತೊಯ್ಯಬೇಡಿ, ಎಷ್ಟೇ ಹತ್ತಿರವಿದ್ದರೂ ಮಲಗಿಸಿಯೇ ಸಾಗಿಸಿ.

ಬಾಯಿ ಪೂರ್ವಕ್ಕೆ ಅಥವಾ ಈಶಾನ್ಯಕ್ಕೆ. ನಮ್ಮಲ್ಲಿ ಗಾಳಿಮಳೆ ನೈರುತ್ಯದಿಂದ ಹೊಡೆಯುತ್ತದೆ. ಪಶ್ಚಿಮಕ್ಕೆ ಬಾಯಿ ಇಟ್ಟರೆ ಆಗಸ್ಟ್ ಹೊತ್ತಿಗೆ ತಳ ಕೆಸರಾಗಿರುತ್ತದೆ. ಕಂಬಕ್ಕೆ ನೆಲದಿಂದ ಒಂದೂವರೆ ಮೀಟರ್ ಮೇಲೆ, 90 ಸೆಂ.ಮೀ. ಉದ್ದದ ನುಣುಪು ತಗಡಿನ ಕೊಳವೆಯನ್ನು ಸಡಿಲವಾಗಿ ಸುತ್ತಿ. ಕೇರೆಹಾವು, ಪುನುಗು ಬೆಕ್ಕು ಅದರ ಮೇಲೆ ಹಿಡಿತ ಸಿಗದೆ ಜಾರುತ್ತವೆ.

ಮರಕ್ಕೇ ಕಟ್ಟುವುದಾದರೆ ಮೆಣಸಿನ ಬಳ್ಳಿ ಇಲ್ಲದ ಸಿಲ್ವರ್ ಓಕ್ ನೋಡಿ. ಬಳ್ಳಿಯಿದ್ದರೆ ಮರಿಗಳಿರುವಾಗಲೇ ಕೊಯ್ಲಿನವರು ಹತ್ತಬೇಕಾಗಿ ಬರಬಹುದು. ಮೊಳೆ ಹೊಡೆಯದೆ, ಹಳೆ ಟ್ಯೂಬಿನ ರಬ್ಬರ್ ಮೆತ್ತೆ ಇಟ್ಟು ಪಟ್ಟಿಯಿಂದ ಬಿಗಿದು, ವರ್ಷಕ್ಕೊಮ್ಮೆ ಸಡಿಲಿಸಿ. ಮರಗಸಿ ಮಾಡುವವರಿಗೆ (ನೆರಳಿನ ಮರದ ಕೊಂಬೆ ಸವರುವವರಿಗೆ) ಯಾವ ಮರ ಎಂದು ತೋರಿಸಿರಬೇಕು.

ಇಲಿ ಪಾಷಾಣದ ಮಾತು

ಯಜಮಾನರು ಇಲಿ ಮದ್ದು ನಿಲ್ಲಿಸಲು ಒಪ್ಪದಿದ್ದರೆ ಪೆಟ್ಟಿಗೆ ಹಾಕಲೇಬೇಡಿ. ಇದು ಕಟು ಎನಿಸಬಹುದು, ಆದರೆ ಕಾರಣ ಸ್ಪಷ್ಟ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದ ಇಲಿ ಅಲ್ಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಂಡು, ಕೆಲವು ದಿನ ಮಂಕಾಗಿ ಬಯಲಲ್ಲಿ ತೂಗಾಡುತ್ತದೆ. ಗೂಬೆಗೆ ಮೊದಲು ಸಿಗುವುದು ಅದೇ. ವಿಷ ಇಲಿಯ ಪಿತ್ತಜನಕಾಂಗದಲ್ಲಿ ಉಳಿದು ಗೂಬೆಯ ಹೊಟ್ಟೆ ಸೇರುತ್ತದೆ, ಅಲ್ಲಿಂದ ಮರಿಗಳಿಗೆ. ಒಳ್ಳೆಯ ಗೂಡು ಕೊಟ್ಟು ಹಕ್ಕಿಯನ್ನು ಕರೆದು ವಿಷ ಉಣಿಸಿದ ಹಾಗಾಗುತ್ತದೆ. ಬದಲಿಗೆ ಬೋನು ಇಡಬಹುದು, ಬದುವಿನ ಬಿಲ ಅಗೆಯಬಹುದು, ಗದ್ದೆಯ ನಡುವೆ ಗೂಬೆ ಕೂರಲು ಇಂಗ್ಲಿಷಿನ ಟಿ ಅಕ್ಷರದಂಥ ಬಿದಿರು ಕೋಲು ನೆಡಬಹುದು. ಅಕ್ಕಪಕ್ಕದ ಗದ್ದೆಯವರನ್ನೂ ಸೇರಿಸಿಯೇ ಮಾತಾಡಿ, ಗೂಬೆಗೆ ಬೇಲಿ ಇಲ್ಲ. ಹಾಗೆಂದು ಗೂಬೆ ಬಂದರೆ ಇಲಿ ಪೂರಾ ಹೋಗುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ. ಇಲಿ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಕಾಯುವುದು, ನೋಡುವುದು

ಮೊದಲ ವರ್ಷ ಖಾಲಿ ಇದ್ದರೆ ಜಾಗ ಬದಲಿಸಬೇಡಿ, ಎರಡು ವರ್ಷ ಕೊಡಿ. ಅಷ್ಟರಲ್ಲಿ ಬೇರೆಯವರು ಬರಬಹುದು. ತುಡುವೆ ಜೇನು ಕೂತರೆ ಹೊಗೆ ಹಾಕಿ ಓಡಿಸದೆ, ಜೇನು ಸಾಕುವವರನ್ನು ಕರೆಸಿ ತಮ್ಮ ಜೇನುಪೆಟ್ಟಿಗೆಗೆ ಇಳಿಸಿಕೊಳ್ಳಲು ಹೇಳಿ. ಮೈನಾ ಹುಲ್ಲು ತುಂಬಿಸಿದರೆ ಅದರ ಮರಿ ಹಾರುವವರೆಗೆ ಕಾದು ಆಮೇಲೆ ತೆಗೆಯಿರಿ.

ಗೂಬೆ ಬಂದದ್ದು ತಿಳಿಯಲು ಬಾಗಿಲು ತೆರೆಯಬೇಕಿಲ್ಲ. ಜಗಲಿಯಿಂದ ಸುಣ್ಣ ಸುರಿದಂತೆ ಬಿಳಿ ಹಿಕ್ಕೆ ಇಳಿದಿರುತ್ತದೆ. ಕಂಬದ ಬುಡದಲ್ಲಿ ಹೆಬ್ಬೆರಳ ಗಾತ್ರದ ಕಪ್ಪು ಉಂಡೆಗಳು ಬಿದ್ದಿರುತ್ತವೆ, ಹೊಸದಾದರೆ ಮೆರುಗು ಹಚ್ಚಿದಂತೆ ಹೊಳೆಯುತ್ತವೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಜೀರ್ಣವಾಗದ ಕೂದಲು, ಮೂಳೆಯನ್ನು ಹೀಗೆ ಕಕ್ಕುತ್ತದೆ. ಒಂದನ್ನು ಬೆಚ್ಚಗಿನ ನೀರಲ್ಲಿ ನೆನೆಸಿ ಚಿಮಟದಿಂದ ಬಿಡಿಸಿದರೆ ತಲೆಬುರುಡೆಗಳು ಸಿಗುತ್ತವೆ. ಉದ್ದನೆಯ ಹಳದಿ ಬಾಚಿಹಲ್ಲು, ಅದರ ಹಿಂದೆ ಖಾಲಿ ಜಾಗ ಇದ್ದರೆ ಇಲಿ. ಸಾಲಾಗಿ ಚೂಪು ಹಲ್ಲಿದ್ದರೆ ಸುಂಡಿಲಿ. ಎಣಿಸಿ ತಿಂಗಳುವಾರು ಬರೆದಿಡಿ. ರೈತನಿಗೆ ತೋರಿಸಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ. ಕೈಗವಸು, ಮಾಸ್ಕ್ ಇಲ್ಲದೆ ಉಂಡೆ ಮುಟ್ಟಬೇಡಿ, ಇಲಿಗಳು ಓಡಾಡುವ ಗದ್ದೆಯಂಚಿನಲ್ಲಿ ಇಲಿಜ್ವರದ ಭಯವೂ ಇದೆ.

ಸಾಮಾನ್ಯವಾಗಿ ನಾಲ್ಕರಿಂದ ಏಳು ಮೊಟ್ಟೆ. ಮೊದಲ ಮೊಟ್ಟೆಯಿಂದಲೇ ಕಾವು ಶುರುವಾಗುವುದರಿಂದ ಮರಿಗಳು ಮೆಟ್ಟಿಲಿನಂತೆ ದೊಡ್ಡದು ಚಿಕ್ಕದು ಇರುತ್ತವೆ. ಸುಮಾರು ಒಂದು ತಿಂಗಳು ಕಾವು, ಹಾರಲು ಇನ್ನೂ ಒಂಬತ್ತು ವಾರ. ಈ ಮೂರು ತಿಂಗಳು ಏಣಿ ಹತ್ತಿರ ತರಬೇಡಿ. ಕಾವಿನಲ್ಲಿರುವ ಹೆಣ್ಣು ಹಗಲು ಹೆದರಿ ಹೊರಬಿದ್ದರೆ ಕಾಗೆಗಳು ಮುತ್ತುತ್ತವೆ, ಅದು ಗೂಡನ್ನೇ ಬಿಟ್ಟುಬಿಡಬಹುದು. ಫೋಟೋ ಬೇಕಿದ್ದರೆ ಸಂಜೆ 50 ಮೀಟರ್ ದೂರದಿಂದ, ಫ್ಲಾಶ್ ಇಲ್ಲದೆ. ಪೆಟ್ಟಿಗೆ ಇರುವ ಊರು, ತೋಟದ ಹೆಸರನ್ನು ಎಲ್ಲಿಯೂ ಹಂಚಬೇಡಿ. ದೀಪಾವಳಿ ಹೊತ್ತಿಗೆ ಮಾಟಮಂತ್ರಕ್ಕೆಂದು ಗೂಬೆ ಹಿಡಿಯುವವರು ಹುಡುಕಾಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅನುಮಾನ ಬಂದರೆ ನೇರ ಅರಣ್ಯ ಇಲಾಖೆಗೆ ತಿಳಿಸಿ.

ಬಿದ್ದ ಮರಿ ಸಿಕ್ಕರೆ, ಗಾಯವಿಲ್ಲದಿದ್ದರೆ, ದಪ್ಪ ಬಟ್ಟೆಯಲ್ಲಿ ಹಿಡಿದು ಅಂದೇ ಪೆಟ್ಟಿಗೆಗೆ ಮರಳಿಸಿ. ಏಣಿ ತರಬಾರದೆಂಬ ಮಾತಿಗೆ ಇದೊಂದೇ ವಿನಾಯಿತಿ. ಮನುಷ್ಯರ ವಾಸನೆಗೆ ತಾಯಿ ಬಿಡುತ್ತದೆ ಎಂಬುದು ಸುಳ್ಳು. ಹಾಲು, ಅನ್ನ, ಬ್ರೆಡ್ ಕೊಡಬಾರದು. ರೆಕ್ಕೆ ಮುರಿದಿದ್ದರೆ ತೂತಿರುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಟ್ಟು ವಲಯ ಅರಣ್ಯ ಕಚೇರಿಗೆ ತಲುಪಿಸಿ.

ವರ್ಷದ ಸ್ವಚ್ಛತೆಗೆ ಏಪ್ರಿಲ್ ಕೊನೆ, ಮುಂಗಾರಿಗೆ ಮುಂಚೆ ಒಳ್ಳೆಯದು. ಅದಕ್ಕೆ ಮೊದಲು ಎರಡು ಸಂಜೆ ದೂರ ಕೂತು ಏನೂ ಹೊರಡುವುದಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಹಕ್ಕಿ ಇದ್ದರೆ ಆ ವರ್ಷ ಬಿಟ್ಟುಬಿಡಿ. ಖಾಲಿಯಿದ್ದರೆ ಮಾಸ್ಕ್ ಹಾಕಿ, ಕಸಕ್ಕೆ ನೀರು ಚಿಮುಕಿಸಿ, ಪದರ 5 ಸೆಂ.ಮೀ. ಉಳಿಯುವಂತೆ ಮೇಲಿನದನ್ನು ತೆಗೆಯಿರಿ. ತಳದ ತೂತುಗಳನ್ನು ಕಡ್ಡಿಯಿಂದ ಚುಚ್ಚಿ ಬಿಡಿಸಿ, ತಗಡಿನ ಸ್ಕ್ರೂ ಬಿಗಿ ಮಾಡಿ, ಜಗಲಿಯ ಆಧಾರ ಅಲುಗಾಡಿಸಿ ನೋಡಿ. ಜಗಲಿ ಮಳೆಗೆ ಮೈಯೊಡ್ಡಿ ನಿಂತಿರುವುದರಿಂದ ಉಳಿದ ಭಾಗಗಳಿಗಿಂತ ಮೊದಲು ಕೊಳೆಯುತ್ತದೆ, ಬದಲಿ ಹಲಗೆಯೊಂದನ್ನು ಮೊದಲೇ ಕತ್ತರಿಸಿಟ್ಟಿರಿ. ಏಪ್ರಿಲ್ ಕೆಲಸಕ್ಕೆ ಬರುವವರು ತಂಡದಲ್ಲಿ ಯಾರೂ ಉಳಿದಿಲ್ಲವಾದರೆ, ಹಕ್ಕಿ ಇಲ್ಲದ ಹೊತ್ತು ನೋಡಿ ಪೆಟ್ಟಿಗೆಯನ್ನು ಕೆಳಗಿಳಿಸಿ.